ಅಡವಿಯ ಲೆಕ್ಕ: ಕೊನೆಯ ಶಿಲ್ಕು ನೋಡಿದರೆ ಸಾಲದು



ನಮ್ಮ ಉಟ್ಕೂರಿನಿಂದ ಪ್ರತಿವರ್ಷ ಯುಗಾದಿಗೆ ಶ್ರೀಶೈಲಕ್ಕೆ ಹೋಗಿ ಬರುವ ಹಿರಿಯರೊಬ್ಬರಿದ್ದಾರೆ. ಒಂದು ಸಲ ಹೋಗಿ ಬಂದವರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು: "ಏನ್ರಿ ಬ್ಯಾಂಕಿನವರ, ದೇಶದಾಗ ಅಡವಿ ಹೆಚ್ಚಾಗ್ಯಾದ ಅಂತ ಪೇಪರಿನ್ಯಾಗ ಬರ್ದಾರ. ನಾ ನೋಡಿದರ ಮನ್ನನೂರಿನಿಂದ ದೋಮಲಪೆಂಟದ ತನಕ ಒಣ ಕಟಗಿ ಬಿಟ್ಟರ ಏನೂ ಕಾಣಲಿಲ್ಲ. ಯಾರ ಲೆಕ್ಕ ಖರೆ?"

ನಾನು ಓದಿದ್ದು ಮೆಟ್ರಿಕ್ ತನಕ. ಅರಣ್ಯಶಾಸ್ತ್ರ ಓದಿದವನಲ್ಲ. ಆದರೆ ಜೀವಮಾನದ ಬಹುಭಾಗ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ, ಖರ್ಚು, ಶಿಲ್ಕು ಬರೆದವನು. ಹಿರಿಯರ ಪ್ರಶ್ನೆ ಲೆಕ್ಕದ ಪ್ರಶ್ನೆಯಾದ್ದರಿಂದ ಅದರ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಅಡವಿ ಎಂಬ ಮಾತು ನಮ್ಮ ಕನ್ನಡದಲ್ಲೂ ಉಂಟು, ಪಕ್ಕದ ಮನೆಯ ತೆಲುಗಿನಲ್ಲೂ ಉಂಟು. ಆದ್ದರಿಂದ ಈ ಲೆಕ್ಕ ಎರಡು ಭಾಷೆಯವರಿಗೂ ಸೇರಿದ್ದು.

ಮೊದಲು ಲೆಕ್ಕ ಬರೆಯುವವರು ಯಾರು ಎಂಬುದನ್ನು ನೋಡೋಣ. ಡೆಹರಾಡೂನಿನಲ್ಲಿ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಶುರುವಾದದ್ದು 1981ರಲ್ಲಿ. ಅದರ ಮೊದಲ ವರದಿ ಬಂದದ್ದು 1987ರಲ್ಲಿ; ಅಲ್ಲಿಂದ ಈಚೆಗೆ ಸುಮಾರು ಎರಡು ವರ್ಷಕ್ಕೊಮ್ಮೆ ದೇಶದ ಅಡವಿಯ ಲೆಕ್ಕ ಹೊರಬರುತ್ತದೆ. ಈ ಲೆಕ್ಕಕ್ಕೆ ಬೇಕಾದ ಚಿತ್ರಗಳನ್ನು ತೆಗೆಯುವುದು ಆಕಾಶದಲ್ಲಿ ಸುತ್ತುವ ಉಪಗ್ರಹಗಳು. ಆ ಚಿತ್ರಗಳು ಭೂಮಿಗೆ ಇಳಿಯುವ ಜಾಗ ನಮಗೆ ದೂರವೇನಲ್ಲ. ಜಡಚರ್ಲಾ ದಾಟಿ ಹೈದರಾಬಾದಿಗೆ ಹೋಗುವಾಗ ಶಾದನಗರ ಸಿಗುತ್ತದಲ್ಲ, ಅಲ್ಲಿಯೇ ದೊಡ್ಡ ತಟ್ಟೆಯಂಥ ಆಂಟೆನಾಗಳನ್ನು ನಿಲ್ಲಿಸಿ 1979ರಿಂದ ಉಪಗ್ರಹದ ಮಾಹಿತಿ ಹಿಡಿಯುತ್ತಿದ್ದಾರೆ. ಅದನ್ನು ನಡೆಸುವುದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಹಳೆಯ ಮಹಬೂಬನಗರ ಜಿಲ್ಲೆಯವರಾದ ನಾವು ಎಷ್ಟೋ ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿದ್ದೇವೆ. ದೇಶದ ಅಡವಿಯ ಚಿತ್ರ ನಮ್ಮ ಪಕ್ಕದಲ್ಲೇ ಇಳಿಯುತ್ತಿತ್ತು.

ಆಕಾಶದಿಂದ ಅಡವಿ ಹೇಗೆ ಗೊತ್ತಾಗುತ್ತದೆ? ಹಸಿ ಎಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು ಆಹಾರ ಮಾಡಿಕೊಳ್ಳುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ಅವಕೆಂಪು ಕಿರಣ ಎನ್ನುತ್ತಾರೆ. ಮನೆಯ ಟಿವಿ ರಿಮೋಟು ಕೆಲಸ ಮಾಡುವುದು ಅದರಿಂದಲೇ. ಈ ಅವಕೆಂಪನ್ನು ಹಸಿ ಎಲೆ ಹೀರುವುದಿಲ್ಲ, ಬಹುಪಾಲನ್ನು ಹಿಂದಕ್ಕೆ ಚೆಲ್ಲಿಬಿಡುತ್ತದೆ. ಬರಿ ಮಣ್ಣು, ಕಲ್ಲು, ಒಣಗಿದ ಎಲೆ ಹೀಗೆ ಮಾಡುವುದಿಲ್ಲ. ಉಪಗ್ರಹದ ಕ್ಯಾಮೆರಾ ಎರಡೂ ಬೆಳಕನ್ನು ಅಳೆದು ಅವುಗಳ ವ್ಯತ್ಯಾಸದಿಂದ ಎಲ್ಲಿ ಹಸಿ ಎಲೆ ಎಷ್ಟಿದೆ ಎಂದು ಹೇಳುತ್ತದೆ. ಆ ಅವಕೆಂಪನ್ನು ಕಾಗದದ ಮೇಲೆ ಕೆಂಪು ಬಣ್ಣದಲ್ಲಿ ತೋರಿಸುವ ರೂಢಿಯಿದೆ. ಆದ್ದರಿಂದ ಉಪಗ್ರಹದ ಅಂಥ ಚಿತ್ರವನ್ನು ಎಲ್ಲಾದರೂ ನೋಡಿದರೆ ದಟ್ಟ ಅಡವಿ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಬೆಂಕಿ ಎಂದು ಹೆದರಬೇಕಾಗಿಲ್ಲ.

ಚಿತ್ರ ಸಣ್ಣ ಸಣ್ಣ ಚೌಕಗಳಿಂದ ಆಗಿರುತ್ತದೆ, ಹೆಣ್ಣುಮಕ್ಕಳು ಹಾಕುವ ಕಸೂತಿಯ ಮನೆಗಳಂತೆ. ಒಂದು ಚೌಕದೊಳಗೆ ಏನಿದ್ದರೂ ಅದಕ್ಕೆ ಒಂದೇ ಬಣ್ಣ. 1980ರ ದಶಕದಲ್ಲಿ ಮೊದಲ ಲೆಕ್ಕ ಮಾಡಿದಾಗ ಒಂದು ಚೌಕ ಸುಮಾರು ಒಂದೂವರೆ ಎಕರೆಯಷ್ಟಿತ್ತು. ಅನಂತರ ನಮ್ಮ ದೇಶದ ಉಪಗ್ರಹಗಳು ಬಂದವು. ಚೌಕ ಐದೂವರೆ ಗುಂಟೆಗೆ ಇಳಿಯಿತು. ಯುರೋಪಿನವರು 2015ರಲ್ಲಿ ಹಾರಿಸಿದ ಸೆಂಟಿನೆಲ್ ಎಂಬ ಉಪಗ್ರಹದ ಚೌಕ ಸರಿಯಾಗಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗುಂಟೆ. ನಾವು ಹೊಲ ಅಳೆಯುವ ಗುಂಟೆಯಲ್ಲಿಯೇ ಈಗ ಆಕಾಶದಿಂದ ಅಡವಿ ಅಳೆಯಬಹುದು.

ಇನ್ನು ಯಾವುದನ್ನು ಅಡವಿ ಎಂದು ಬರೆದುಕೊಳ್ಳುತ್ತಾರೆ? ಸರ್ವೆಯವರ ನಿಯಮ ಹೀಗಿದೆ. ಕನಿಷ್ಠ ಒಂದು ಹೆಕ್ಟೇರು, ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ ಜಾಗ ಇರಬೇಕು. ಆ ನೆಲವನ್ನು ಮೇಲಿನಿಂದ ನೋಡಿದರೆ ನೂರರಲ್ಲಿ ಹತ್ತು ಪಾಲಾದರೂ ಮರದ ತಲೆ ಮುಚ್ಚಿರಬೇಕು. ಮಟಮಟ ಮಧ್ಯಾಹ್ನ ಎಷ್ಟು ನೆಲಕ್ಕೆ ಮರದ ನೆರಳು ಬೀಳುತ್ತದೆಯೋ ಅಷ್ಟು ಎಂದುಕೊಳ್ಳಿ. ಹತ್ತರಿಂದ ನಲವತ್ತು ಪಾಲು ನೆರಳಿದ್ದರೆ ತೆಳುವಾದ ಅಡವಿ, ನಲವತ್ತರಿಂದ ಎಪ್ಪತ್ತಿದ್ದರೆ ಮಧ್ಯಮ, ಎಪ್ಪತ್ತು ಮತ್ತು ಅದಕ್ಕೂ ಮೇಲಿದ್ದರೆ ಅತಿ ದಟ್ಟ. ಹತ್ತಕ್ಕಿಂತ ಕಡಿಮೆಯಾದರೆ ಅದು ಕುರುಚಲು, ಅಡವಿಯ ಮೊತ್ತಕ್ಕೆ ಸೇರುವುದಿಲ್ಲ. ನೆಲ ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ಮಾವಿನ ತೋಪು, ತೆಂಗಿನ ತೋಟ, ನೀಲಗಿರಿ, ಕೊಡಗಿನ ಕಾಫಿ ತೋಟದ ನೆರಳಿನ ಮರ ಎಲ್ಲವೂ ಈ ಲೆಕ್ಕದಲ್ಲಿ ಅಡವಿಯೇ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಹಿರಿಯರ ಒಣ ಕಟ್ಟಿಗೆಯ ಮಾತಿಗೆ ಈಗ ಉತ್ತರ ಸಿಕ್ಕಿತು. ನಲ್ಲಮಲದ ಅಡವಿ ಎಲೆ ಉದುರಿಸುವ ಅಡವಿ. ತೇಗ, ಮತ್ತಿ, ದಿಂಡಿಗ, ಬೀಡಿ ಎಲೆಯ ತುಮರಿ, ಇವೆಲ್ಲ ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ಎಲೆ ಬಿಡುತ್ತವೆ. ಯುಗಾದಿಗೆ ಹೋದವರಿಗೆ ಅಡವಿ ಸತ್ತಂತೆ ಕಾಣುತ್ತದೆ, ದಸರೆಗೆ ಹೋದವರಿಗೆ ಕಣ್ಣು ತುಂಬ ಹಸಿರು ಕಾಣುತ್ತದೆ. ಇಬ್ಬರೂ ನೋಡಿದ್ದು ಅದೇ ಮರ. ಆದ್ದರಿಂದಲೇ ಸರ್ವೆಯವರು ಅಕ್ಟೋಬರಿನಿಂದ ಡಿಸೆಂಬರ್ ಒಳಗಿನ ಚಿತ್ರಗಳನ್ನು ಆರಿಸಿಕೊಳ್ಳುತ್ತಾರೆ. ಆಗ ಮೋಡ ಸರಿದಿರುತ್ತದೆ, ಎಲೆ ಇನ್ನೂ ಉದುರಿರುವುದಿಲ್ಲ. ಒಂದು ವರ್ಷದ ದಸರೆಯನ್ನು ಇನ್ನೊಂದು ವರ್ಷದ ಯುಗಾದಿಗೆ ಹೋಲಿಸಿದರೆ ಲೆಕ್ಕ ಕೆಟ್ಟಿತು.

ಅಳತೆಗೋಲು ಬದಲಾದರೂ ಲೆಕ್ಕ ಕೆಡುತ್ತದೆ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಹೈದರಾಬಾದಿನ ದೂರಸಂವೇದಿ ಸಂಸ್ಥೆ 1972-75ರ ಚಿತ್ರಗಳನ್ನು ಮತ್ತು 1980-82ರ ಚಿತ್ರಗಳನ್ನು ಹೋಲಿಸಿ ನೋಡಿತು. ದೇಶದ ಅಡವಿ 5 ಕೋಟಿ 55 ಲಕ್ಷ ಹೆಕ್ಟೇರಿನಿಂದ 4 ಕೋಟಿ 63 ಲಕ್ಷಕ್ಕೆ ಇಳಿದಿತ್ತು. ಏಳೆಂಟು ವರ್ಷದಲ್ಲಿ 92 ಲಕ್ಷ ಹೆಕ್ಟೇರು! ನೆಲದಲ್ಲಿ ಶೇಕಡಾ 14ರಷ್ಟು ಮಾತ್ರ ಅಡವಿ ಎಂಬ ಮಾತು ದೇಶವನ್ನು ಬೆಚ್ಚಿಬೀಳಿಸಿತು. ಆದರೆ ಫಾರೆಸ್ಟ್ ಸರ್ವೆಯ 1987ರ ವರದಿಯಲ್ಲಿ ಶೇಕಡಾ 19ಕ್ಕೂ ಮೇಲೆ ಬಂತು. ನಡುವೆ ಅಷ್ಟು ಮರ ಹುಟ್ಟಿದವೆಂದಲ್ಲ. ಎರಡು ಕಚೇರಿಗಳು ಎಣಿಸಿದ ರೀತಿ ಬೇರೆ. ಹಾಗೆಯೇ 2001ರ ತನಕ 25 ಹೆಕ್ಟೇರಿಗಿಂತ ಸಣ್ಣ ತುಂಡುಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆಮೇಲೆ ಒಂದು ಹೆಕ್ಟೇರಿನ ತುಂಡನ್ನೂ ಹಿಡಿದರು. ಮೊದಲೇ ಇದ್ದ ತೋಪುಗಳು ಹೊಸದಾಗಿ ಪುಸ್ತಕಕ್ಕೆ ಬಂದವು. ಹಳೆಯ ವರದಿಯ ಮೊತ್ತದ ಪಕ್ಕದಲ್ಲಿ ಹೊಸ ವರದಿಯ ಮೊತ್ತ ಇಟ್ಟು ಅಡವಿ ಬೆಳೆಯಿತು ಎನ್ನುವವರು ಇದನ್ನು ಮರೆಯುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 2024ರ ಡಿಸೆಂಬರಿನಲ್ಲಿ ಹೊರಬಂದ ವರದಿಯ ಪ್ರಕಾರ ದೇಶದಲ್ಲಿ ಅಡವಿ 7,15,343 ಚದರ ಕಿಲೋಮೀಟರ್, ನೆಲದ ಶೇಕಡಾ 21.76. ಹಿಂದಿನ ವರದಿಗಿಂತ 156 ಚದರ ಕಿಲೋಮೀಟರ್ ಹೆಚ್ಚು. ಪೇಪರಿನಲ್ಲಿ ಬಂದದ್ದು ಇದು. ಇದು ಪಾಸ್‌ಬುಕ್ಕಿನ ಕೊನೆಯ ಶಿಲ್ಕು ಇದ್ದಂತೆ. ನಿಮ್ಮ ಖಾತೆಯಲ್ಲಿ ಹೋದ ತಿಂಗಳು ಹತ್ತು ಸಾವಿರ ಇತ್ತು, ಈ ತಿಂಗಳು ಹತ್ತು ಸಾವಿರದ ನೂರು ಇದೆ ಎಂದರೆ ಏನೂ ಖರ್ಚಾಗಿಲ್ಲ ಎಂದು ಅರ್ಥವೇ? ಎಂಟು ಸಾವಿರ ತೆಗೆದು ಎಂಟು ಸಾವಿರದ ನೂರು ಕಟ್ಟಿರಬಹುದು. ತೆಗೆದದ್ದು ಮಗಳ ಮದುವೆಗೆ ಇಟ್ಟ ದುಡ್ಡು, ಕಟ್ಟಿದ್ದು ಸಾಲ ತಂದ ದುಡ್ಡು ಆಗಿರಬಹುದು. ಶಿಲ್ಕು ಅದನ್ನು ಹೇಳುವುದಿಲ್ಲ. ಒಳಗಿನ ಸಾಲುಗಳನ್ನು ಓದಬೇಕು.

ಅಡವಿಯ ವರದಿಯಲ್ಲೂ ಆ ಸಾಲುಗಳಿವೆ. ಅತಿ ದಟ್ಟ ಅಡವಿ ಎಷ್ಟು ತೆಳುವಾಯಿತು, ಎಷ್ಟು ಬಯಲಾಯಿತು, ಬಯಲು ಎಷ್ಟು ಅಡವಿಯಾಯಿತು ಎಂದು ಒಂದು ಕೋಷ್ಟಕ ಇರುತ್ತದೆ. ಪೇಪರಿನವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ನೂರು ವರ್ಷದ ಅಡವಿ ಒಂದು ಕಡೆ ಹೋಗಿ, ಇನ್ನೊಂದು ಕಡೆ ನೀಲಗಿರಿ ತೋಪು ಎದ್ದರೆ ಶಿಲ್ಕು ತಾಳೆಯಾಗುತ್ತದೆ. ಹಳೆಯ ಅಡವಿ ಮುದ್ದತು ಠೇವಣಿ ಇದ್ದಂತೆ. ಅದನ್ನು ಮುರಿದು ಅಷ್ಟೇ ಅಸಲನ್ನು ಹೊಸ ಖಾತೆಗೆ ಕಟ್ಟಿದರೆ ಕೂಡಿದ ಬಡ್ಡಿ ಹೋಯಿತು. ಜೇನು, ಪೊಟರೆ, ಹಕ್ಕಿ, ಮಣ್ಣಿನಲ್ಲಿ ಇಂಗಿದ ನೀರು, ಹುಲಿ ನಡೆಯುವ ದಾರಿ, ಇವೆಲ್ಲ ಆ ಬಡ್ಡಿ.

ಕಾಗದದ ಮೇಲಿನ ಗಿಡದ ಬಗ್ಗೆ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. 1980ರ ದಶಕದ ಕೊನೆಗೆ ಒಂದು ಶಾಖೆಯಲ್ಲಿದ್ದಾಗ ಹೊಲದ ಅಂಚಿಗೆ ಸಸಿ ಹಾಕಲು ಸಾಲ ಕೊಡುತ್ತಿದ್ದೆವು. ಒಂದು ಫೈಲು ಬಂತು. ಸಾವಿರ ಸಸಿ ಹಾಕಿದೆ, ಚೆನ್ನಾಗಿ ಹತ್ತಿವೆ ಎಂದು ತಪಾಸಣೆಯ ಸರ್ಟಿಫಿಕೇಟು ಇತ್ತು, ಸಹಿ ಇತ್ತು, ಸೀಲು ಇತ್ತು. ನಾನು ಎರಡನೆಯ ಕಂತು ಖಾತೆಗೆ ಬರೆದೆ. ಬೇಸಿಗೆಯಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ನೋಡಿದರೆ ಸಾಲಾಗಿ ಗುಂಡಿಗಳಿದ್ದವು, ಗುಂಡಿಗಳಲ್ಲಿ ಆಡುಗಳು ಮಲಗಿದ್ದವು. ಲೆಡ್ಜರಿನಲ್ಲಿ ಸಾವಿರ ಗಿಡ ಇದ್ದವು, ಹೊಲದಲ್ಲಿ ಒಂದೂ ಇರಲಿಲ್ಲ. ಆ ಎಂಟ್ರಿ ನನ್ನ ಕೈಬರಹದಲ್ಲಿದೆ. ಅಂದಿನಿಂದ ನಾನು ಕಲಿತದ್ದು, ಕ್ಯಾಷ್ ಪುಸ್ತಕದಲ್ಲಿ ಎಷ್ಟಿದ್ದರೂ ಪೆಟ್ಟಿಗೆ ತೆರೆದು ನೋಟು ಎಣಿಸಬೇಕು.

ಉಪಗ್ರಹಕ್ಕೂ ಇದೇ ಮಾತು. ಅದು ಹಸಿರನ್ನು ನೋಡುತ್ತದೆ. ಯಾವ ಹಸಿರು ಎಂದು ಹೇಳಲು ಅದಕ್ಕೆ ಕಷ್ಟ. ಕರ್ನಾಟಕದ ಬಂಡೀಪುರವನ್ನು ತೆಗೆದುಕೊಳ್ಳಿ. ಹುಲಿ ಯೋಜನೆ 1973ರಲ್ಲಿ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಅದೂ ಒಂದು. 2019ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಕೆಲವೇ ದಿನಗಳಲ್ಲಿ ಹಬ್ಬಿತು. ಉಪಗ್ರಹ ಚಿತ್ರದಿಂದ ಅಳೆದಾಗ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಿದ್ದು ಗೊತ್ತಾಯಿತು. ಇಷ್ಟು ದೊಡ್ಡ ಜಾಗವನ್ನು ನಡೆದು ಅಳೆಯಲು ತಿಂಗಳುಗಳೇ ಬೇಕು. ಆಕಾಶದ ಕಣ್ಣಿನ ದೊಡ್ಡ ಉಪಕಾರ ಇದು. ಆದರೆ ಮುಂದೆ ಮಳೆಗಾಲ ಬಂತು, ಸುಟ್ಟ ನೆಲದ ಮೇಲೆ ಹಸಿರು ಎದ್ದಿತು. ಚಿತ್ರದಲ್ಲಿ ನೋಡಿದರೆ ಅಡವಿ ಚೇತರಿಸಿಕೊಂಡಿತು ಎನಿಸುತ್ತದೆ. ಮೊದಲ ಮಳೆಗೆ ಏಳುವುದು ಹುಲ್ಲು, ಮತ್ತು ಬಂಡೀಪುರವನ್ನು ಬಹಳ ಕಾಲದಿಂದ ಕಾಡುತ್ತಿರುವ ಲಂಟಾನ ಕಂಟಿ. ಲಂಟಾನವನ್ನು ಜಿಂಕೆ ಮೇಯುವುದಿಲ್ಲ. ಅದರ ಕೆಳಗೆ ಮರದ ಸಸಿ ಮೇಲೇಳಲಾರದು. ಒಣಗಿದರೆ ಅದೇ ಮುಂದಿನ ಬೆಂಕಿಗೆ ಉರುವಲು. ಅಡವಿ ಹೋಗುವುದು ಒಂದು ದಿನದ ಕೆಲಸ, ಬರುವುದು ಒಂದು ತಲೆಮಾರಿನ ಕೆಲಸ. ಅದಕ್ಕೇ ಕಳೆದದ್ದನ್ನು ಅಳೆಯುವುದು ಸುಲಭ, ಮರಳಿ ಬಂದದ್ದನ್ನು ಅಳೆಯುವುದು ಕಷ್ಟ. ವರ್ಷ ವರ್ಷ ಅದೇ ಜಾಗಕ್ಕೆ ಹೋಗಿ ಯಾವ ಸಸಿ ಎದ್ದಿದೆ, ಎಷ್ಟು ದಪ್ಪವಾಗಿದೆ ಎಂದು ನೆಲದ ಮೇಲೆ ನಿಂತು ನೋಡಬೇಕು.

ನಮ್ಮ ಕಡೆಯ ದೊಡ್ಡ ಅಡವಿ ಅಮ್ರಾಬಾದ್. ಹಿಂದೆ ಅದರ ಬಹುಭಾಗ ನಮ್ಮದೇ ಮಹಬೂಬನಗರ ಜಿಲ್ಲೆಯಲ್ಲಿತ್ತು, ಈಗ ನಾಗರಕರ್ನೂಲು ಮತ್ತು ನಲ್ಗೊಂಡ ಜಿಲ್ಲೆಗಳಿಗೆ ಸೇರಿದೆ. ಮೊದಲು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಅಡವಿ ಎಂದು ಕೃಷ್ಣಾ ನದಿಯ ಎರಡೂ ದಂಡೆಗೆ ಒಂದೇ ಹೆಸರಿತ್ತು. 2014ರಲ್ಲಿ ರಾಜ್ಯ ಎರಡಾದ ಮೇಲೆ ಉತ್ತರದ ದಂಡೆ ಅಮ್ರಾಬಾದ್ ಹುಲಿ ಅಡವಿಯಾಯಿತು. ಒಟ್ಟು 2,611 ಚದರ ಕಿಲೋಮೀಟರ್, ಅದರಲ್ಲಿ ಒಳಗಿನ ತಿರುಳು 2,166. ಅಡವಿಯ ಲೆಕ್ಕ ಈಗ ಎರಡು ರಾಜ್ಯದ ಎರಡು ಪುಸ್ತಕದಲ್ಲಿದೆ. ಗಡಿ ಊರಿನವರಾದ ನಮಗೆ ಇದು ಹೊಸತಲ್ಲ. ನಮ್ಮ ಬೀಗರು ಆಚೆ ರಾಯಚೂರಿನಲ್ಲಿ, ನಾವು ಈಚೆ. ಹುಲಿಯೂ ಹೀಗೆಯೇ, ಅದಕ್ಕೆ ರಾಜ್ಯದ ಕಾಗದ ಗೊತ್ತಿಲ್ಲ.

ಈ ಅಡವಿಗೂ ಒಂದು ಪರೀಕ್ಷೆ ಬಂದಿತ್ತು. 2019ರ ಮೇ ತಿಂಗಳಲ್ಲಿ ಅಲ್ಲಿ 83 ಚದರ ಕಿಲೋಮೀಟರಿನಲ್ಲಿ ಯುರೇನಿಯಂ ಹುಡುಕಲು ಕೇಂದ್ರದ ಅರಣ್ಯ ಸಲಹಾ ಸಮಿತಿ ತಾತ್ವಿಕ ಒಪ್ಪಿಗೆಗೆ ಶಿಫಾರಸು ಮಾಡಿತು. ಅಲ್ಲಿ ಬಾಳುವ ಚೆಂಚು ಜನ ಎದ್ದು ನಿಂತರು, ಊರುಗಳು ನಿಂತವು, ನಗರದವರೂ ದನಿಗೂಡಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೆಲಂಗಾಣ ವಿಧಾನಸಭೆ ನಲ್ಲಮಲದಲ್ಲಿ ಯುರೇನಿಯಂ ಗಣಿ ಬೇಡ ಎಂದು ನಿರ್ಣಯ ಮಾಡಿತು. ದೇಶದ 7 ಲಕ್ಷ ಚದರ ಕಿಲೋಮೀಟರಿನ ಶಿಲ್ಕಿನಲ್ಲಿ 83 ಎಂಬುದು ಕಾಣುವುದೇ ಇಲ್ಲ. ಅಲ್ಲಿನ ಚೆಂಚು ಮನೆಗಳಿಗೆ ಮಾತ್ರ ಅದು ಜೇನು, ಗೆಡ್ಡೆ, ಹಳ್ಳದ ನೀರು.

ಇಂಥ ರಕ್ಷಿತ ಅಡವಿಯನ್ನು ದಿನದಿನ ಕಾಯುವ ಲೆಕ್ಕವೂ ಇದೆ. ಗಾರ್ಡುಗಳು ಗಸ್ತು ತಿರುಗಿದ ದಾರಿ ಫೋನಿನಲ್ಲಿ ದಾಖಲಾಗುತ್ತದೆ. ಮರಕ್ಕೆ ಕಟ್ಟಿದ ಕ್ಯಾಮೆರಾ ಹಾದುಹೋದ ಪ್ರಾಣಿಯ ಚಿತ್ರ ಹಿಡಿಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ದೇಶದ ಹುಲಿಗಳ ಎಣಿಕೆ ನಡೆಯುತ್ತದೆ. ಬೇಸಿಗೆಯಲ್ಲಿ ಎಲ್ಲಿಯಾದರೂ ಬೆಂಕಿ ಎದ್ದರೆ ಉಪಗ್ರಹ ಬಿಸಿಯನ್ನು ಗುರುತಿಸಿ, ಡೆಹರಾಡೂನಿನಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಅದರ ಒಂದು ಚೌಕ ಸುಮಾರು 35 ಎಕರೆ. ಆ 35 ಎಕರೆಯಲ್ಲಿ ಬೆಂಕಿ ಎಲ್ಲಿದೆ ಎಂದು ಹುಡುಕಿ ಸೊಪ್ಪಿನಿಂದ ಬಡಿಯುವವನು ಮನುಷ್ಯನೇ.

ಲೆಕ್ಕ ಬರೆದು ಇಟ್ಟರೆ ಸಾಲದು, ನೋಡಿ ಎದ್ದು ಓಡುವವರು ಬೇಕು ಎಂಬುದಕ್ಕೆ ಹೊರದೇಶದ ಒಂದು ಮಾತು ಕೇಳಿ. ಬ್ರೆಜಿಲ್ ದೇಶದವರು ಅಮೆಜಾನ್ ಮಹಾರಣ್ಯದಲ್ಲಿ ಕಡಿದ ಜಾಗವನ್ನು 1988ರಿಂದ ಪ್ರತಿವರ್ಷ ಉಪಗ್ರಹದಿಂದ ಅಳೆಯುತ್ತಾರೆ. 2004ರಲ್ಲಿ ಒಂದೇ ವರ್ಷ 27,772 ಚದರ ಕಿಲೋಮೀಟರ್ ಹೋಗಿತ್ತು. ಆ ವರ್ಷದಿಂದ ವರ್ಷಾಂತ್ಯಕ್ಕೆ ಕಾಯದೆ, ಕಡಿತ ಕಂಡ ಕೂಡಲೆ ಎಚ್ಚರಿಸುವ ಏರ್ಪಾಟು ಮಾಡಿ ಅಧಿಕಾರಿಗಳನ್ನು ಅಟ್ಟಿದರು. ಬೇರೆ ಕ್ರಮಗಳೂ ಸೇರಿ 2012ರ ಹೊತ್ತಿಗೆ ಅದು 4,571ಕ್ಕೆ ಇಳಿಯಿತು. ಮುಂದೆ ಆಳುವವರ ಕಣ್ಣು ಬೇರೆ ಕಡೆ ತಿರುಗಿದಾಗ 2021ರಲ್ಲಿ ಮತ್ತೆ 13 ಸಾವಿರ ದಾಟಿತು. ಉಪಗ್ರಹ ಮಾತ್ರ ಆಗಲೂ ಮೇಲೆಯೇ ಇತ್ತು.

ಕೊನೆಗೆ ನಮ್ಮ ಹೊಲದ ಮಾತು. ಕೃಷ್ಣಾ, ಮಾಗನೂರು, ಮಕ್ತಲ್, ಉಟ್ಕೂರು ಕಡೆಯ ಹೊಲಗಳಲ್ಲಿ ನಾವು ಚಿಗರಿ ಎನ್ನುವ, ತೆಲುಗಿನವರು ಕೃಷ್ಣ ಜಿಂಕ ಎನ್ನುವ ಪ್ರಾಣಿ ಹಿಂಡು ಹಿಂಡಾಗಿ ಬರುತ್ತದೆ. ಹತ್ತಿ, ತೊಗರಿಯ ಮೊಳಕೆ ತಿಂದು ಹೋಗುತ್ತದೆ. ರೈತನ ಸಂಕಟ ನಿಜವಾದದ್ದು, ಅದನ್ನು ಸಣ್ಣದು ಮಾಡಿ ಮಾತಾಡಲಾರೆ. ಆದರೆ ಅದು ಹೊಲಕ್ಕೆ ಏಕೆ ಬಂತು? ಚಿಗರಿ ದಟ್ಟ ಅಡವಿಯ ಪ್ರಾಣಿಯಲ್ಲ. ಅದಕ್ಕೆ ದೂರದ ತನಕ ಕಣ್ಣು ಹಾಯುವ ಬಯಲು ಬೇಕು, ಹುಲ್ಲು ಬೇಕು. ನಮ್ಮ ಗಾಯರಾಣ, ಕನ್ನಡದ ಬೀಳು, ತೆಲುಗಿನ ಬೀಡು, ಅದರ ಮನೆ. ಅಡವಿಯ ಲೆಕ್ಕದಲ್ಲಿ ಈ ನೆಲ ಎಲ್ಲಿದೆ ಹುಡುಕಿ ನೋಡಿ. ನೂರರಲ್ಲಿ ಹತ್ತು ಪಾಲು ನೆರಳಿಲ್ಲ, ಆದ್ದರಿಂದ ಅಡವಿಯಲ್ಲ. ಸರ್ಕಾರಿ ಕಾಗದದಲ್ಲಿ ಬಹಳ ಸಲ ಅದರ ಹೆಸರು ಪಾಳುಭೂಮಿ. ಉತ್ತು ಹೊಲ ಮಾಡಿದರೂ ಅಡವಿ ಕಳೆದಂತೆ ಬರೆಯುವುದಿಲ್ಲ. ಸರ್ಕಾರಿ ಜಾಲಿ ಹಬ್ಬಿ ಹುಲ್ಲನ್ನು ಕೊಂದರೆ, ಅದು ದಟ್ಟವಾದಲ್ಲಿ ಅಡವಿ ಹೆಚ್ಚಾಯಿತು ಎಂದೇ ಬರೆಯುವ ಸಂಭವವಿದೆ. ಚಿಗರಿಗೆ ಮನೆ ಹೋಯಿತು, ಪುಸ್ತಕದಲ್ಲಿ ಜಮಾ ಬಿತ್ತು.

ಇದು ಬರಿ ತರ್ಕದ ಮಾತಲ್ಲ. ಗದ್ವಾಲ ದಾಟಿ, ಕರ್ನೂಲು ದಾಟಿದರೆ ರೋಳ್ಳಪಾಡು ಎಂಬಲ್ಲಿ ಹುಲ್ಲುಗಾವಲು ಇದೆ. ನಮ್ಮ ಹಿರಿಯರು ಎರೆಭೂತ ಎನ್ನುತ್ತಿದ್ದ, ತೆಲುಗಿನವರ ಬಟ್ಟಮೇಕ ಪಿಟ್ಟ ಎಂಬ ದೊಡ್ಡ ಹಕ್ಕಿಗಾಗಿ 1988ರಲ್ಲಿ ಅದನ್ನು ಅಭಯಾರಣ್ಯ ಮಾಡಿದರು. ಬೇಲಿಯೊಳಗಿನ ಹುಲ್ಲನ್ನು ಕಾಪಾಡಿದರು. ಆದರೆ ಸುತ್ತಲಿನ ಹೊಲಗಳಿಗೆ ನೀರಾವರಿ ಬಂದು ಬೆಳೆ ಬದಲಾಯಿತು, ಹಕ್ಕಿಯ ಎಣಿಕೆ ಕುಸಿದು ಬಹುತೇಕ ಇಲ್ಲವಾಯಿತು. ಮರದ ನೆರಳನ್ನು ಅಳೆಯುವ ಯಾವ ಲೆಕ್ಕದಲ್ಲೂ ಆ ನಷ್ಟ ಬಂದಿಲ್ಲ, ಏಕೆಂದರೆ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಬಂಧುಗಳೆ, ಇನ್ನು ಮುಂದೆ ಅಡವಿ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂದು ಎಲ್ಲಿ ಓದಿದರೂ ನಾಲ್ಕು ಮಾತು ಕೇಳಿ. ಎರಡು ಸಲವೂ ಒಂದೇ ಅಳತೆಗೋಲು, ಒಂದೇ ಕಾಲವೇ? ಶಿಲ್ಕಿನ ಹಿಂದೆ ಎಷ್ಟು ಹೋಯಿತು, ಎಷ್ಟು ಬಂತು? ಬಂದದ್ದು ಯಾವ ಗಿಡ? ಆ ಜಾಗಕ್ಕೆ ಹೋಗಿ ನೋಡಿದವರು ಯಾರು? ನಿಮ್ಮ ಊರಿನ ಗಾಯರಾಣದಲ್ಲಿ ಸಸಿ ನೆಡುವ ಮಾತು ಗ್ರಾಮಸಭೆಗೆ ಬಂದರೆ, ಅಲ್ಲಿ ಈಗ ಏನು ಮೇಯುತ್ತದೆ, ಯಾವ ಹಕ್ಕಿ ಮೊಟ್ಟೆ ಇಡುತ್ತದೆ ಎಂದು ದನಗಾಹಿಗಳನ್ನು ಮೊದಲು ಕೇಳಿ. ಅವರು ಹೇಳಿದ್ದನ್ನು ಠರಾವಿನಲ್ಲಿ ಬರೆಸಿ. ಬರೆದದ್ದು ಮಾತ್ರ ಮುಂದೆ ಲೆಕ್ಕಕ್ಕೆ ಬರುತ್ತದೆ, ಇದು ಗುಮಾಸ್ತನಾಗಿ ನಾನು ಬಲ್ಲ ಮಾತು.

ನಮ್ಮ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಅಣ್ಣಾ, ಪೇಪರಿನವರು ಶಿಲ್ಕು ಹೇಳ್ಯಾರ, ನೀವು ಬ್ಯಾಸಗಿ ನೋಡೀರಿ. ಎರಡೂ ಖರೆ, ಎರಡೂ ಅರ್ಧ. ಬರುವ ದಸರಾಕ್ಕ ಇನ್ನೊಮ್ಮೆ ಹೋಗೋಣ, ನಾನೂ ಬರ್ತೀನಿ." ಅವರು ನಕ್ಕು, ಬಸ್ ಚಾರ್ಜು ಬ್ಯಾಂಕಿನವರದೇ ಎಂದರು. ಒಪ್ಪಿಕೊಂಡಿದ್ದೇನೆ.